ಡ್ಯಾಸ್ ಡೇಟಾಕ್ಕೆ ನೆಲದ ಕೋಆರ್ಡಿನೇಟ್ ಜೋಡಿಸುವುದು: ನಡುವೆ ಸರಿ, ಎರಡೂ ತುದಿಯಲ್ಲಿ ತಪ್ಪು

ನಾಲೆಏರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರ ನಾಲೆ ಏರಿಯ ರಸ್ತೆಗುಂಟ ಹೂತಿರುವ ಫೈಬರ್ ಕೇಬಲ್ಲಿನ ಖಾಲಿ ಎಳೆಯೊಂದಕ್ಕೆ ಇಂಟರಾಗೇಟರ್ (ಎಳೆಯೊಳಗೆ ಬೆಳಕು ಬಿಟ್ಟು, ಹಿಂದಿರುಗಿದ್ದನ್ನು ಓದುವ ಯಂತ್ರ) ಹಾಕಿ ಡ್ಯಾಸ್ (ಫೈಬರನ್ನೇ ಉದ್ದಕ್ಕೂ ಕಂಪನ ಸಂವೇದಕವಾಗಿ ಬಳಸುವ ವಿಧಾನ) ದಾಖಲಿಸಿದ್ದೇವೆ. ಏರಿಯಲ್ಲಿ ಎಲ್ಲಿ ನೀರು ಜಿನುಗುತ್ತಿದೆ, ಎಲ್ಲಿ ಮಣ್ಣು ಸಡಿಲ ಎಂದು ನೋಡುವುದು ಉದ್ದೇಶ. ಆದ್ದರಿಂದ ಪ್ರತಿ ಚಾನೆಲ್ (ಫೈಬರ್ ಮೇಲಿನ ಒಂದೊಂದು ಅಳತೆ ಬಿಂದು) ನೆಲದ ಮೇಲೆ ಎಲ್ಲಿದೆ ಎಂಬುದು ಐದಾರು ಮೀಟರ್ ಒಳಗೆ ಗೊತ್ತಿರಬೇಕು.

ಫೈಬರ್ 4,300 ಮೀ., ಚಾನೆಲ್ ಅಂತರ 2 ಮೀ., ಒಟ್ಟು 2,150 ಚಾನೆಲ್. ಗೇಜ್ ಲೆಂಗ್ತ್ (ಒಂದು ಚಾನೆಲ್ ಹಿಗ್ಗು ಕುಗ್ಗು ಅಳೆಯುವ ಫೈಬರ್ ತುಂಡಿನ ಉದ್ದ) 10 ಮೀ., ಸೆಕೆಂಡಿಗೆ 1,000 ಸ್ಯಾಂಪಲ್. ಫೈಲನ್ನು ಪೈಥಾನ್‌ನಲ್ಲಿ ಡ್ಯಾಸ್‌ಕೋರ್ ಲೈಬ್ರರಿ ಓದುತ್ತದೆ, ಆದರೆ ಪ್ಯಾಚ್‌ನಲ್ಲಿ (ಅದು ಕೊಡುವ ಡೇಟಾ ಕಟ್ಟು) ಇರುವುದು ಡಿಸ್ಟೆನ್ಸ್, ಟೈಮ್ ಎರಡೇ. ಗೂಗಲ್ ಅರ್ತ್‌ನಲ್ಲಿ ಗೆರೆ ಎಳೆದರೆ ಕೇಬಲ್ ದಾರಿ 3,940 ಮೀ. ಬರುತ್ತದೆ. ದಾರಿಯಲ್ಲಿ ಏಳು ಚೇಂಬರ್ (ಮುಚ್ಚಳವಿರುವ ಕೇಬಲ್ ಗುಂಡಿ): 250, 900, 1,500, 2,100, 2,700, 3,200, 3,600 ಮೀಟರಿನಲ್ಲಿ. ಒಂದೊಂದರಲ್ಲೂ ಸುಮಾರು 24 ಮೀ. ಸುರುಳಿ ಬಿಟ್ಟಿದ್ದಾರಂತೆ.

ಡಿಸ್ಟೆನ್ಸ್ ಅನ್ನು 3,940/4,300ರಿಂದ ಗುಣಿಸಿ, ಆ ಗೆರೆಯ ಮೇಲೆ ಅಕ್ಷಾಂಶ ರೇಖಾಂಶ ಹಂಚಿದೆ. ಮೂರು ಕಡೆ ಸಮ್ಮಟಿಗೆಯಲ್ಲಿ ಹೊಡೆದು ನೋಡಿದಾಗ ಹೀಗೆ ಬಂತು:

310 ಮೀ. (ತೂಬು): ಚಾನೆಲ್ 211, ನನ್ನ ಲೆಕ್ಕದಲ್ಲಿ 387 ಮೀ.
1,950 ಮೀ. (ಮೆಟ್ಟಿಲು): ಚಾನೆಲ್ 1065, ಲೆಕ್ಕದಲ್ಲಿ 1,952 ಮೀ.
3,700 ಮೀ. (ಸೇತುವೆ): ಚಾನೆಲ್ 1999, ಲೆಕ್ಕದಲ್ಲಿ 3,663 ಮೀ.

ನಡುವೆ ಕರಾರುವಾಕ್ಕಾಗಿ ಕೂತಿದೆ, ಎರಡು ಕಡೆ ಎಡವಟ್ಟು. ಹೆಡರ್‌ನಲ್ಲಿರುವ ವಕ್ರೀಭವನಾಂಕ (ಗಾಜಿನಲ್ಲಿ ಬೆಳಕಿನ ವೇಗ ಹೇಳುವ, ದೂರದ ಲೆಕ್ಕಕ್ಕೆ ಬಳಸುವ ಸಂಖ್ಯೆ) ತಪ್ಪಿರಬಹುದೇ? ಅಥವಾ ಕೋಡ್‌ನಲ್ಲೇ ತಪ್ಪೇ?

ಬೆಳಕಿನೆಳೆ

ವಕ್ರೀಭವನಾಂಕದ ತಪ್ಪಲ್ಲ ಸರ್. ಅದು ತಪ್ಪಿದ್ದರೆ ಎಲ್ಲ ದೂರವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. 1.468 ಇರಬೇಕಾದಲ್ಲಿ 1.460 ಹಾಕಿದ್ದರೆ 4,300 ಮೀಟರಿಗೆ 23 ಮೀ. ವ್ಯತ್ಯಾಸ ಬರುತ್ತಿತ್ತು. ಅಂಥ ವ್ಯತ್ಯಾಸವನ್ನು ನೀವು ಗುಣಿಸಿದ 3,940/4,300 ತಾನೇ ನುಂಗಿಬಿಡುತ್ತದೆ. ನಿಮ್ಮ ತಪ್ಪು ಮೊದಲು +77, ಆಮೇಲೆ +2, ಕೊನೆಗೆ −37. ಗುರುತು ಹೀಗೆ ಕೂಡುವುದರಿಂದ ಕಳೆಯುವುದಕ್ಕೆ ತಿರುಗಿದೆ ಅಂದರೆ, ನೆಲದ ದಾರಿಗೆ ಸೇರದ ಫೈಬರ್ ಎರಡು ತುದಿಯಲ್ಲೂ ಕೂತಿದೆ. ಅದನ್ನೂ ನೀವು ರಸ್ತೆಯ ಮೇಲೆ ಹಾಸಿಬಿಟ್ಟಿದ್ದೀರಿ.

ಚಾನೆಲ್ ಸಂಖ್ಯೆಯನ್ನು ಫೈಬರ್ ಉದ್ದಕ್ಕೆ ತಿರುಗಿಸಿ ನೋಡಿ: 422, 2,130, 3,998 ಮೀ. ಮೊದಲ ಎರಡು ಏಟಿನ ನಡುವೆ ಫೈಬರ್ 1,708 ಮೀ., ನೆಲ 1,640 ಮೀ. ಹೆಚ್ಚಿಗೆ 68. ಆ ನಡುವೆ ಎರಡು ಚೇಂಬರ್ ಇವೆ, 48 ಕಳೆದರೆ ಉಳಿದದ್ದು 20. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಫೈಬರ್ 1,868, ನೆಲ 1,750, ಹೆಚ್ಚಿಗೆ 118. ನಾಲ್ಕು ಚೇಂಬರಿನ 96 ಕಳೆದರೆ 22. ಈ 20 ಮತ್ತು 22 ಎಲ್ಲಿಂದ ಬಂದವು? ಕೇಬಲ್ಲಿನೊಳಗೆ ಎಳೆಗಳಿರುವ ಟ್ಯೂಬುಗಳು ತಿರುಚಿಕೊಂಡಿರುತ್ತವೆ, ಎಳೆಯೂ ಟ್ಯೂಬಿನೊಳಗೆ ಸ್ವಲ್ಪ ಸಡಿಲವಾಗಿರುತ್ತದೆ. ಆದ್ದರಿಂದ ಎಳೆ ಯಾವಾಗಲೂ ಕೇಬಲ್ಲಿಗಿಂತ ಉದ್ದ. ನಿಮ್ಮಲ್ಲಿ ಅದು ಸುಮಾರು 1.2%. ಎರಡು ತುಂಡಿನಲ್ಲೂ ಹೆಚ್ಚುಕಡಿಮೆ ಒಂದೇ ಬಂದಿರುವುದರಿಂದ 24 ಮೀ. ಸುರುಳಿ ಎಂಬ ಮಾತೂ ಸುಳ್ಳಲ್ಲ.

ಈಗ ಶುರುವಿಗೆ ಬನ್ನಿ. 422ರಿಂದ ನೆಲದ 310, ಮೊದಲ ಚೇಂಬರಿನ 24, ತಿರುಚಿನ 4 ಕಳೆದರೆ 84 ಮೀ. ಉಳಿಯಿತು. ಇಂಟರಾಗೇಟರ್ ಇರುವ ಕೋಣೆಯಿಂದ ನಿಮ್ಮ ಗೆರೆ ಶುರುವಾಗುವ ಜಾಗದವರೆಗೆ ಇರುವ ಪ್ಯಾಚ್ ಕಾರ್ಡ್ (ಜೋಡಿಸುವ ತುಂಡು ಫೈಬರ್), ಗೋಡೆ ಮೇಲಿನ ಕೇಬಲ್ ಎಲ್ಲ ಸೇರಿ ಇದು. ಇದೇ ಲೆಕ್ಕದಲ್ಲಿ ಕೊನೆಯಲ್ಲಿ ಸುಮಾರು 60 ಮೀ. ಸುತ್ತಿಟ್ಟ ಫೈಬರ್ ಇರಬೇಕು. ಓಟಿಡಿಆರ್ (ಫೈಬರ್ ಪರೀಕ್ಷಿಸುವ ಉಪಕರಣ) ಗ್ರಾಫ್ ಇದ್ದರೆ ಮೊದಲ ಕನೆಕ್ಟರಿನ ಮೊನೆ ಎಲ್ಲಿದೆ ಎಂದು ತಾಳೆ ನೋಡಿ.

ಹಾಗಾಗಿ ಒಂದೇ ಗುಣಕದಿಂದ ಇದು ಬಗೆಹರಿಯುವುದಿಲ್ಲ. ಬೇಕಾದದ್ದು ಫೈಬರ್ ದೂರ, ನೆಲದ ದೂರ ಎಂಬ ಎರಡು ಕಾಲಂ ಇರುವ ಒಂದು ಸಿಎಸ್‌ವಿ. ಪ್ರತಿ ಚೇಂಬರಿಗೂ ಎರಡು ಸಾಲು: ಸುರುಳಿ ಶುರು, ಸುರುಳಿ ಕೊನೆ. ನೆಲದ ದೂರ ಎರಡರಲ್ಲೂ ಒಂದೇ.

84 → 0
337 → 250
361 → 250
1,019 → 900
1,043 → 900
1,650 → 1,500
1,674 → 1,500

ಹೀಗೇ ಕೊನೆಯವರೆಗೆ. ಎರಡನೇ ಏಟನ್ನು ಇದರಲ್ಲಿ ಹಾಕಿ ನೋಡಿ: 1,674 ಕೂಡಿಸು 450 × 1.012, ಅಂದರೆ 2,129. ನೀವು ಕಂಡದ್ದು 2,130.

ಪೈಥಾನ್‌ನಲ್ಲಿ ಆಮೇಲಿನದು ನಾಲ್ಕೈದು ಸಾಲಿನ ಕೆಲಸ. ಕೆಎಂಎಲ್‌ನ (ಗೂಗಲ್ ಅರ್ತ್ ಗೆರೆಯ ಫೈಲ್) ಬಿಂದುಗಳನ್ನು ಮೊದಲು ಪೈಪ್ರೋಜ್ ಲೈಬ್ರರಿಯಿಂದ ಯುಟಿಎಂಗೆ (ಮೀಟರಿನಲ್ಲಿ ಅಳೆಯುವ ನಕ್ಷಾ ಪದ್ಧತಿ) ತಿರುಗಿಸಿಕೊಳ್ಳಿ. ಮೈಸೂರು, ಮಂಡ್ಯ ಎರಡೂ 43ನೇ ಉತ್ತರ ವಲಯ, ಇಪಿಎಸ್‌ಜಿ (ಕೋಆರ್ಡಿನೇಟ್ ಪದ್ಧತಿಯ ಕೋಡ್ ಸಂಖ್ಯೆ) 32643. ಪಕ್ಕಪಕ್ಕದ ಬಿಂದುಗಳ ಅಂತರವನ್ನು ನಮ್‌ಪೈಯ ಹೈಪಾಟ್‌ನಿಂದ ತೆಗೆದು ಕಮ್‌ಸಮ್ (ಸಾಲಾಗಿ ಕೂಡಿಸುತ್ತ ಹೋಗುವುದು) ಮಾಡಿದರೆ ಗೆರೆಯುದ್ದಕ್ಕೂ ನೆಲದ ದೂರ ಸಿಕ್ಕಿತು. ಮುಂದೆ ಇಂಟರ್ಪ್ (ಟೇಬಲ್ಲಿನ ಎರಡು ಬೆಲೆಗಳ ನಡುವಿನದನ್ನು ಲೆಕ್ಕ ಹಾಕುವ ನಮ್‌ಪೈ ಫಂಕ್ಷನ್) ಎರಡು ಸುತ್ತು: ಮೊದಲ ಸುತ್ತಿನಲ್ಲಿ ಫೈಬರ್ ದೂರದಿಂದ ನೆಲದ ದೂರ, ಎರಡನೆಯದರಲ್ಲಿ ನೆಲದ ದೂರದಿಂದ ಈಸ್ಟಿಂಗ್ ಮತ್ತು ನಾರ್ತಿಂಗ್ (ಯುಟಿಎಂನ ಪೂರ್ವ, ಉತ್ತರ ಮೀಟರುಗಳು) ಬೇರೆ ಬೇರೆಯಾಗಿ. ಕೊನೆಗೆ ಪ್ಯಾಚಿನ ಅಪ್‌ಡೇಟ್_ಕೋಆರ್ಡ್ಸ್‌ಗೆ ಈಸ್ಟಿಂಗ್ ಎಂಬ ಹೆಸರಿನಲ್ಲಿ ಒಂದು ಟ್ಯೂಪಲ್ ಕೊಡಿ. ಅದರಲ್ಲಿ ಮೊದಲು ಡಿಸ್ಟೆನ್ಸ್ ಎಂಬ ಡೈಮೆನ್ಷನ್ ಹೆಸರು, ಆಮೇಲೆ ಅರೇ. ನಾರ್ತಿಂಗ್‌ಗೂ ಹಾಗೆಯೇ. ಡಿಸ್ಟೆನ್ಸ್ ಡೈಮೆನ್ಷನ್ ತನ್ನ ಪಾಡಿಗೆ ಇರಲಿ, ಅದನ್ನು ತೆಗೆದು ನೆಲದ ದೂರ ಕೂರಿಸಬೇಡಿ. ಸುರುಳಿಯಲ್ಲಿ ಒಂದೇ ಬೆಲೆ ಹನ್ನೆರಡು ಸಲ ಬರುತ್ತದೆ, ಮುಂದೆ ಫಿಲ್ಟರು, ಸೆಲೆಕ್ಟು ಎಲ್ಲ ಕೈಕೊಡುತ್ತವೆ.

ಸಮ್ಮಟಿಗೆ

ಮೇಲಿನವರು ಹೇಳಿದ ಲೆಕ್ಕ ಸರಿ, ಆದ್ರೆ ಮೂರು ಏಟು ಸಾಲದು ಅಣ್ಣ. 3,940 ಮೀಟರಿಗೆ 150–200 ಮೀಟರಿಗೊಂದು, ಜೊತೆಗೆ ಪ್ರತಿ ಚೇಂಬರಿನ ಆ ಕಡೆ ಈ ಕಡೆ 20 ಮೀ. ದೂರದಲ್ಲಿ ಒಂದೊಂದು, ರಸ್ತೆ ತಿರುವಿನಲ್ಲಿ ಒಂದು. ಒಟ್ಟು ಮೂವತ್ತು ಮೂವತ್ತೈದು ಜಾಗ ಆಯ್ತದೆ. ಬೆಳಿಗ್ಗೆ ಶುರು ಮಾಡಿದ್ರೆ ಒಂದು ದಿನದ ಕೆಲಸ ಅಷ್ಟೇಯ.

5ರಿಂದ 8 ಕೆ.ಜಿ. ಸಮ್ಮಟಿಗೆ, ಕೆಳಗೆ ಒಂದಡಿ ಚದರದ ದಪ್ಪ ಕಬ್ಬಿಣದ ಹಲಗೆ. ಗದ್ದೆ ಕಡೆ ಕೆಸರಲ್ಲಿ ಹಲಗೆ ಇಡಬೇಡಿ, ಏಟೆಲ್ಲ ಕೆಸರೇ ಕುಡಿದುಬಿಡ್ತದೆ. ಏರಿ ಮೇಲೆ ಗಟ್ಟಿ ನೆಲ ನೋಡಿ, ಕೇಬಲ್ ಹೂತ ಜಾಗಕ್ಕೆ ಒಂದು ಮೀಟರ್ ಒಳಗೆ ಇಟ್ಕಳಿ. ಒಂದು ಜಾಗಕ್ಕೆ ಐದು ಏಟು, ಏಟಿಗೂ ಏಟಿಗೂ ಮೂರು ಸೆಕೆಂಡ್ ಬಿಡಿ. ಟ್ರ್ಯಾಕ್ಟರೋ ಎತ್ತಿನ ಗಾಡಿಯೋ ಹೋದ್ರೂ ಆ ಐದರ ತಾಳ ಡೇಟಾದಲ್ಲಿ ಎದ್ದು ಕಾಣ್ತದೆ. ನಾಲೇಲಿ ನೀರು ನಿಲ್ಲಿಸಿದ ಸಮಯ ಆದ್ರೆ ಇನ್ನೂ ಒಳ್ಳೇದು. ನೀರು ಧುಮುಕೋ ಜಾಗದ ಸುತ್ತ ಸದ್ದಲ್ಲಿ ಏನೂ ತಿಳಿಯಲ್ಲ.

ಚಾನೆಲ್ ಆರಿಸೋವಾಗ ಹೆಚ್ಚು ಜನ ತಪ್ಪೋದು ಇಲ್ಲೇಯ: ಯಾವುದು ಜೋರಾಗಿದೆಯೋ ಅದನ್ನ ಹಿಡ್ಕತಾರೆ. ಡ್ಯಾಸ್ ಅಳೆಯೋದು ಫೈಬರ್ ಉದ್ದಕ್ಕೆ ಆಗೋ ಹಿಗ್ಗು ಕುಗ್ಗು. ಅಡ್ಡಡ್ಡಲಾಗಿ ಬಂದು ಬಡಿದ ಅಲೆ ಅದಕ್ಕೆ ಸರಿಯಾಗಿ ಕೇಳಿಸಲ್ಲ. ಅದಕ್ಕೇ ಏಟಿನ ನೇರಕ್ಕಿರೋ ಚಾನೆಲ್ ಒಂದೊಂದ್ಸಲ ಮಂಕಾಗಿ, ಆಚೆ ಈಚೆ ಇರೋವು ಜೋರಾಗಿರ್ತವೆ. ಅಲೆ ಯಾವ ಚಾನೆಲ್ಲಿಗೆ ಎಷ್ಟು ಹೊತ್ತಿಗೆ ಮುಟ್ತು ಅಂತ ಗುರುತು ಹಾಕಿ, ಎಡಗಡೆ ಒಂದು ಗೆರೆ, ಬಲಗಡೆ ಒಂದು ಗೆರೆ ಎಳೀರಿ. ಎರಡೂ ಸೇರೋ ಮೂಲೆನೇ ನಿಮ್ಮ ಜಾಗ. 10–80 ಹರ್ಟ್ಸ್ ಬ್ಯಾಂಡ್‌ಪಾಸ್ (ಅಷ್ಟು ಆವರ್ತನ ಮಾತ್ರ ಬಿಡೋ ಫಿಲ್ಟರು) ಹಾಕಿ, ಐದು ಏಟಿಗೂ ಬೇರೆ ಬೇರೆ ಮಾಡಿ, ನಡುವಿನ ಬೆಲೆ ತಗಳಿ. ಹಿಂಗೆ ಮಾಡಿದ್ರೆ ಒಂದೆರಡು ಚಾನೆಲ್ ಒಳಗೆ ಕೂರ್ತದೆ.

ಇನ್ನೊಂದು ಅನುಕೂಲ ಅದೆ. ಹೆಡರ್‌ನಲ್ಲಿರೋ ಡಿಸ್ಟೆನ್ಸ್ ಗೇಜಿನ ಶುರುವಿಗೋ ನಡುವಿಗೋ ಅನ್ನೋದು ಒಂದೊಂದು ಯಂತ್ರಕ್ಕೆ ಒಂದೊಂದು ಥರ. 10 ಮೀ. ಗೇಜಲ್ಲಿ ಅದೇ 5 ಮೀ. ತಪ್ಪು. ಏಟಿಂದ ಕಟ್ಟಿದ ಟೇಬಲ್‌ಗೆ ಆ ತಲೆನೋವಿಲ್ಲ, ತಾನೇ ಸೇರ್ಕಂಡಿರ್ತದೆ. ಆದ್ರೆ ಗೇಜ್ ಲೆಂಗ್ತ್ ಬದಲಾಯಿಸಿ ಮತ್ತೆ ದಾಖಲಿಸಿದ್ರೆ ಹಳೇ ಟೇಬಲ್ ತಿರುಗಿ ತಾಳೆ ನೋಡ್ಬೇಕು.

ಚೇಂಬರ್ ಮುಚ್ಚಳ ತೆಗೆದಾಗ ಕೇಬಲ್ ಮೈಮೇಲೆ ಅಚ್ಚು ಹಾಕಿರೋ ಮೀಟರ್ ಸಂಖ್ಯೆನ ಫೋಟೋ ತೆಕ್ಕಳಿ, ಒಳಹೋಗೋ ಕಡೆ ಒಂದು, ಹೊರಬರೋ ಕಡೆ ಒಂದು. ವ್ಯತ್ಯಾಸನೇ ಸುರುಳಿ ಉದ್ದ. ಕೇಬಲ್ ಎಳೆದ ದಿಕ್ಕು ನೋಡ್ಕಂಡು ಸಂಖ್ಯೆ ಇಳೀತಾನೂ ಇರಬಹುದು. ಜಾಯಿಂಟ್ ಇರೋ ಚೇಂಬರಲ್ಲಿ ಹೊಸ ಡ್ರಮ್ಮಿನ ಸಂಖ್ಯೆ ಶುರುವಾಗಿರ್ತದೆ, ಅಲ್ಲಿ ಸುಮ್ಮನೆ ಕಳೆದ್ರೆ ಅಸಂಬದ್ಧ ಉತ್ತರ ಬರ್ತದೆ.

ನಾಲೆಏರಿ

ಇಬ್ಬರಿಗೂ ಧನ್ಯವಾದ. ಏಳು ಚೇಂಬರಿಗೂ ಎರಡೆರಡು ಸಾಲು ಹಾಕಿ ಟೇಬಲ್ ಮಾಡಿದೆ. ಮೂರು ಏಟು ಈಗ 310, 1,951, 3,702 ಮೀಟರಿನಲ್ಲಿ ಕೂರುತ್ತವೆ.

ಎರಡು ಅನುಮಾನ ಉಳಿದಿವೆ. ಸುರುಳಿಯೊಳಗಿನ ಚಾನೆಲ್‌ಗಳಿಗೆ ಚೇಂಬರಿನ ಕೋಆರ್ಡಿನೇಟನ್ನೇ ಕೊಡಲೇ, ಖಾಲಿ ಬಿಡಲೇ? ಇನ್ನೊಂದು, ಮ್ಯಾಪಿನಲ್ಲಿ ಹಾಕಿ ನೋಡಿದರೆ ಮೊದಲ 42 ಚಾನೆಲ್ ಒಂದೇ ಚುಕ್ಕೆಯ ಮೇಲೆ ರಾಶಿ ಬಿದ್ದಿವೆ. ಎಲ್ಲಿ ಎಡವಿದೆ?

ಕುಕ್ಕರಹಳ್ಳಿದಂಡೆ

ರಾಶಿ ಬಿದ್ದದ್ದು ಇಂಟರ್ಪ್‌ನ ಗುಣ. ಟೇಬಲ್ಲಿನ ಆಚೆಗೆ ಬೆಲೆ ಕೇಳಿದರೆ ಅದು ತಪ್ಪು ಎನ್ನುವುದಿಲ್ಲ, ತುದಿಯ ಬೆಲೆಯನ್ನೇ ಕೊಟ್ಟು ಸುಮ್ಮನಾಗುತ್ತದೆ. 84 ಮೀಟರಿನ ಒಳಗಿರುವ 42 ಚಾನೆಲ್ಲಿಗೂ ಸೊನ್ನೆ ಮೀಟರಿನ ಜಾಗ ಸಿಕ್ಕಿದೆ. ಬಾಲದ ಕಡೆ ಮೂವತ್ತು ಚಾನೆಲ್ ಹೀಗೇ ಇರುತ್ತವೆ, ನೋಡಿ. ಇಂಟರ್ಪ್‌ನ ಲೆಫ್ಟ್, ರೈಟ್ ಎರಡಕ್ಕೂ ನ್ಯಾನ್ (ಬೆಲೆ ಇಲ್ಲ ಎಂಬ ಗುರುತು) ಕೊಡಿ. ಇದೇ ಇಂಟರ್ಪ್ ಎಕ್ಸ್‌ಪಿ (ಇಲ್ಲಿ ಫೈಬರ್ ದೂರದ ಕಾಲಂ) ಏರಿಕೆಯಲ್ಲಿಲ್ಲದಿದ್ದರೂ ದೂರುವುದಿಲ್ಲ, ಸುಳ್ಳು ಉತ್ತರ ಕೊಡುತ್ತದೆ. ಆದ್ದರಿಂದ ಸಿಎಸ್‌ವಿ ಓದಿದ ಕೂಡಲೇ ಫೈಬರ್ ದೂರದ ಡಿಫ್ (ಸಾಲಿಂದ ಸಾಲಿಗೆ ವ್ಯತ್ಯಾಸ) ಎಲ್ಲವೂ ಸೊನ್ನೆಗಿಂತ ಹೆಚ್ಚೇ ಎಂದು ಅಸರ್ಟ್ (ತಪ್ಪಿದ್ದರೆ ಅಲ್ಲೇ ನಿಲ್ಲಿಸುವ ಪರೀಕ್ಷೆ) ಹಾಕಿ. ನೆಲದ ದೂರದಿಂದ ಫೈಬರ್ ದೂರಕ್ಕೆ ತಿರುಗುಮುರುಗಾಗಿ ಹೋಗಬೇಕಾದಾಗ ಇದೇ ಟೇಬಲ್ ಬಳಸಬೇಡಿ. ಅಲ್ಲಿ 250 ಎರಡು ಸಲ ಇದೆ.

ಸುರುಳಿಗೆ ಜಾಗ ಕೊಡಿ, ಜೊತೆಗೆ ಸ್ಥಿತಿ ಎಂಬ ಇನ್ನೊಂದು ಕೋಆರ್ಡಿನೇಟ್ ಸೇರಿಸಿ: 0 ಒಳಾಂಗಣ, 1 ನೆಲ, 2 ಸುರುಳಿ, 3 ಬಾಲ. ವಿಶ್ಲೇಷಣೆಗೆ 1 ಮಾತ್ರ. ಸುರುಳಿಯ ಗಡಿಯಲ್ಲಿ ಗೇಜಿನ ಅರ್ಧ ನೆಲದಲ್ಲಿ, ಅರ್ಧ ಸುರುಳಿಯಲ್ಲಿ ಇರುತ್ತದಾದ್ದರಿಂದ ಎರಡೂ ಬದಿಗೆ ಇನ್ನೂ ಮೂರು ಮೂರು ಚಾನೆಲ್ಲನ್ನು 2ಕ್ಕೇ ಸೇರಿಸಿ. ಚೇಂಬರಿನಲ್ಲಿ ಕೇಬಲ್ ಮಣ್ಣಿಗೆ ಅಂಟಿಕೊಂಡಿರುವುದಿಲ್ಲ, ಅದರ ಸದ್ದೇ ಬೇರೆ.

ಕೇಬಲ್ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ನಿಮಗೆ ಬೇಕಾಗುತ್ತದೆ, ಅಲೆ ಎತ್ತ ಕಡೆಯಿಂದ ಬಂತು ಎಂದು ಹುಡುಕುವಾಗ. ಈಸ್ಟಿಂಗ್, ನಾರ್ತಿಂಗ್‌ನ ಗ್ರೇಡಿಯಂಟ್ (ಚಾನೆಲ್‌ನಿಂದ ಚಾನೆಲ್‌ಗೆ ಬದಲಾವಣೆ) ತೆಗೆದು, ಕೋನ ಕೊಡುವ ಆರ್ಕ್‌ಟ್ಯಾನ್2ಗೆ ಮೊದಲು ಈಸ್ಟಿಂಗ್, ಆಮೇಲೆ ನಾರ್ತಿಂಗ್ ಕೊಟ್ಟರೆ ಉತ್ತರದಿಂದ ಲೆಕ್ಕ ಹಾಕಿದ ಕೋನ ಬರುತ್ತದೆ. ಸುರುಳಿಯಲ್ಲಿ ಎರಡೂ ಸೊನ್ನೆ, ಆರ್ಕ್‌ಟ್ಯಾನ್2 ಅದಕ್ಕೂ ಸೊನ್ನೆಯನ್ನೇ ಕೊಡುತ್ತದೆ. ಅಂದರೆ ಏಳೂ ಚೇಂಬರು ನೇರ ಉತ್ತರಕ್ಕೆ ಮುಖ ಮಾಡಿ ನಿಂತ ಹಾಗೆ ಕಾಣುತ್ತದೆ! ಸ್ಥಿತಿ 1 ಅಲ್ಲದ ಕಡೆಯೆಲ್ಲ ನ್ಯಾನ್ ಹಾಕಿ. 359 ಡಿಗ್ರಿ, 1 ಡಿಗ್ರಿಗಳ ಸರಾಸರಿ ತೆಗೆಯಲು ಹೋಗಬೇಡಿ, 180 ಬರುತ್ತದೆ.

ಪೈಪ್ರೋಜ್‌ನಲ್ಲಿ ಆಲ್ವೇಸ್_ಎಕ್ಸ್‌ವೈ ಟ್ರೂ ಮಾಡಿದ್ದೀರಾ? ಕೆಎಂಎಲ್ ಬರೆಯುವುದು ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಇಪಿಎಸ್‌ಜಿ 4326 (ಸಾಮಾನ್ಯ ಅಕ್ಷಾಂಶ ರೇಖಾಂಶ ಪದ್ಧತಿ) ಕೇಳುವುದು ಮೊದಲು ಅಕ್ಷಾಂಶ. ಕಣ್ಣಳತೆಗೆ ಇದಿಷ್ಟು ನೆನಪಿಡಿ: ಮೈಸೂರಿನ ಈಸ್ಟಿಂಗ್ ಸುಮಾರು 6,78,000, ನಾರ್ತಿಂಗ್ ಸುಮಾರು 13,60,000. ಮಂಡ್ಯಕ್ಕೆ 7,06,000 ಮತ್ತು 13,85,000 ಆಸುಪಾಸು. ಬೇರೇನಾದರೂ ಬಂದರೆ ಎಲ್ಲೋ ಅದಲುಬದಲಾಗಿದೆ. ಅಂದಹಾಗೆ ಯುಟಿಎಂ ಅಳತೆಯ ಹಿಗ್ಗು ನಮ್ಮ ಸೀಮೆಯಲ್ಲಿ ಲೆಕ್ಕಕ್ಕಿಲ್ಲ. ವಲಯದ ನಡುರೇಖೆ 75 ಡಿಗ್ರಿ. ಅದರಿಂದ ಸುಮಾರು 180 ಕಿ.ಮೀ. ದೂರದಲ್ಲಿ ಗುಣಕ ಸರಿಯಾಗಿ 1 ಆಗುತ್ತದೆ, ಮೈಸೂರು ಹೆಚ್ಚುಕಡಿಮೆ ಆ ಗೆರೆಯ ಮೇಲೇ ಕೂತಿದೆ. ಮಂಡ್ಯದಲ್ಲಿ ಕಿಲೋಮೀಟರಿಗೆ 12 ಸೆಂ.ಮೀ. ಅಷ್ಟೆ.

ಎತ್ತರವೂ ಸೇರಿಸುವುದಾದರೆ ಜಿಪಿಎಸ್ ಎತ್ತರವನ್ನೂ ನಕ್ಷೆಯ ಎತ್ತರವನ್ನೂ ಬೆರೆಸಬೇಡಿ. ಜಿಪಿಎಸ್ ಎಲಿಪ್ಸಾಯ್ಡ್‌ನಿಂದ (ಭೂಮಿಗೆ ಗಣಿತದಲ್ಲಿ ಕೊಟ್ಟ ಆಕಾರ) ಅಳೆಯುತ್ತದೆ, ನಮ್ಮ ಸೀಮೆಯಲ್ಲಿ ಸಮುದ್ರಮಟ್ಟದ ಲೆಕ್ಕಕ್ಕೂ ಅದಕ್ಕೂ 80 ಮೀಟರಿಗಿಂತ ಹೆಚ್ಚು ಅಂತರ. ಇಳಿಜಾರಿನಿಂದ ಉದ್ದ ಹೆಚ್ಚುವುದನ್ನು ಮರೆತುಬಿಡಿ, 100 ಮೀಟರಿಗೆ 5 ಮೀ. ಇಳಿದರೂ 12–13 ಸೆಂ.ಮೀ. ಮಾತ್ರ.

ಕೋಡ್ ಬಗ್ಗೆ ಒಂದು ಮಾತು. 2,150 ಉದ್ದದ ಅರೇ ಸಿದ್ಧ ಮಾಡಿಟ್ಟು ಪ್ರತಿ ಪ್ಯಾಚಿಗೂ ಅಂಟಿಸಬೇಡಿ. ನಾಳೆ ಯಾರೋ ಸೆಲೆಕ್ಟ್ ಮಾಡಿ 600 ಚಾನೆಲ್ ಇಟ್ಟುಕೊಂಡರೆ ಉದ್ದ ಹೊಂದುವುದಿಲ್ಲ. ಅದಾದರೂ ಎರರ್ ಕೊಡುತ್ತದೆ. ಮೊದಲ 600 ತೆಗೆದು ಅಂಟಿಸಿಬಿಟ್ಟರೆ ಎರರೂ ಬರುವುದಿಲ್ಲ. ಪ್ಯಾಚ್ ತೆಗೆದುಕೊಂಡು, ಗೆಟ್_ಕೋಆರ್ಡ್‌ನಿಂದ ಅದರದ್ದೇ ಡಿಸ್ಟೆನ್ಸ್ ಬೆಲೆಗಳನ್ನು ಕೇಳಿ, ಅವುಗಳ ಮೇಲೆ ಇಂಟರ್ಪ್ ನಡೆಸಿ, ಹೊಸ ಪ್ಯಾಚ್ ಹಿಂದಿರುಗಿಸುವ ಒಂದು ಫಂಕ್ಷನ್ ಬರೆಯಿರಿ. ಹೊಸ ಪ್ಯಾಚ್ ಎಂದದ್ದು ಸುಮ್ಮನೆ ಅಲ್ಲ, ಅಪ್‌ಡೇಟ್_ಕೋಆರ್ಡ್ಸ್ ಹಳೆಯದನ್ನು ಮುಟ್ಟುವುದಿಲ್ಲ. ಉತ್ತರವನ್ನು ಹೆಸರಿಗೆ ಹಿಡಿದಿಡದಿದ್ದರೆ ಮಾಡಿದ್ದೆಲ್ಲ ಗಾಳಿಗೆ. ಎಕ್ಸ್‌ಅರೇ ಎಂಬ ಇನ್ನೊಂದು ಲೈಬ್ರರಿಯ ಅಸೈನ್_ಕೋಆರ್ಡ್ಸ್ ಕೂಡ ಹಾಗೆಯೇ.

ಡೇಟಾ ಫ್ಲೋಟ್32 (32 ಬಿಟ್‌ನ ದಶಮಾಂಶ ಸಂಖ್ಯೆ) ಇರಲಿ, ಕೋಆರ್ಡಿನೇಟ್ ಹೆಚ್ಚು ನಿಖರವಾದ ಫ್ಲೋಟ್64ರಲ್ಲೇ ಇರಲಿ. 13,85,000ದಂಥ ನಾರ್ತಿಂಗ್ ಫ್ಲೋಟ್32ರಲ್ಲಿ 12.5 ಸೆಂ.ಮೀ. ಮೆಟ್ಟಿಲಿನಲ್ಲಿ ನಡೆಯುತ್ತದೆ. 76.9 ಎಂಬ ರೇಖಾಂಶವಾದರೆ ಒಂದೊಂದು ಮೆಟ್ಟಿಲೂ 80 ಸೆಂ.ಮೀ.ಗಿಂತ ದೊಡ್ಡದು. ಸೆಗ್‌ವೈಗೆ (ಭೂಕಂಪನ ಡೇಟಾದ ಫೈಲ್ ಮಾದರಿ) ಬರೆಯುವವರು ಇನ್ನೊಂದು ನೋಡಿಕೊಳ್ಳಬೇಕು. ಅಲ್ಲಿ ಕೋಆರ್ಡಿನೇಟ್ ಪೂರ್ಣಾಂಕ: ರಿಸೀವರ್ ಎಕ್ಸ್ 81–84ನೇ ಬೈಟ್, ವೈ 85–88, ಸ್ಕೇಲರ್ 71–72. ಸ್ಕೇಲರ್ −100 ಇಟ್ಟು 100ರಿಂದ ಗುಣಿಸಿ ಬರೆದರೆ ಸೆಂ.ಮೀ. ಉಳಿಯುತ್ತದೆ. ನ್ಯಾನ್ ಅನ್ನು ಪೂರ್ಣಾಂಕ ಮಾಡಿದರೆ ಕಸ ಬರುತ್ತದೆ, ಆ ಚಾನೆಲ್‌ಗಳನ್ನು ಮೊದಲೇ ಕಳಚಿ.

ಟ್ರ್ಯಾಕ್ಟರ್‌ಹಿಂದೆ

ಮೂವತ್ತೈದು ಕಡೆ ಹೊಡೆಯುವ ಬದಲು ಆರ್‌ಟಿಕೆ (ಸೆಂ.ಮೀ. ನಿಖರತೆಯ) ಜಿಪಿಎಸ್ ಇಟ್ಟ ಭಾರದ ಟ್ರ್ಯಾಕ್ಟರನ್ನು ಏರಿ ಮೇಲೆ ಒಂದು ಸಲ ಓಡಿಸಿದರೆ ಸಾಲದೇ? ಭಾರಕ್ಕೆ ನೆಲ ತಗ್ಗುವುದು 1 ಹರ್ಟ್ಸ್‌ಗಿಂತ ಕೆಳಗೆ ಚೆನ್ನಾಗಿ ಕಾಣುತ್ತದೆ, ಪ್ರತಿ ಚಾನೆಲ್ಲಿಗೂ ಒಂದು ಬಿಂದು ಸಿಗುತ್ತದೆ. ರಸ್ತೆ ಫೈಬರಿನಿಂದ ಮೂರು ನಾಲ್ಕು ಮೀ. ದೂರವಿದ್ದರೂ ಜಿಪಿಎಸ್ ಬಿಂದುವನ್ನು ಗೆರೆಯ ಮೇಲೆ ಲಂಬವಾಗಿ ಇಳಿಸಿಕೊಂಡರಾಯಿತು, ಪೈಥಾನ್‌ನ ಶೇಪ್ಲಿ ಲೈಬ್ರರಿಯ ಪ್ರಾಜೆಕ್ಟ್ ಅದನ್ನೇ ಮಾಡುತ್ತದೆ.

ಸಮ್ಮಟಿಗೆ

ಹತ್ತಾರು ಕಿಲೋಮೀಟರ್ ಇದ್ರೆ ಅದೇ ಸರಿ, ಒಪ್ಕತೀನಿ. ಆದ್ರೆ ಗಂಟೆಗೆ 18 ಕಿ.ಮೀ. ಅಂದ್ರೆ ಸೆಕೆಂಡಿಗೆ 5 ಮೀ., ಗಡಿಯಾರ ಒಂದು ಸೆಕೆಂಡ್ ತಪ್ಪಿದ್ರೆ 5 ಮೀ. ಹೋಯ್ತು. ಅದಕ್ಕೇ ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ ಓಡಿಸಿ. ಸಮಯದ ತಪ್ಪಿದ್ರೆ ಎರಡೂ ಎದುರುಬದುರು ಜರುಗಿರ್ತವೆ, ಸರಾಸರಿ ತೆಗೆದ್ರೆ ವಜಾ ಆಯ್ತದೆ. ಸಮ್ಮಟಿಗೇಲಿ ಆ ಗೋಜಿಲ್ಲ, ಐದು ಏಟಿನ ತಾಳ ಹುಡುಕಿದ್ರಾಯ್ತು.

ಸಮಯ ಅಂದಾಗ ನೆನಪಾಯ್ತು: ಫೋನಲ್ಲಿ ಬರ್ಕಂಡಿದ್ದು ಭಾರತೀಯ ಕಾಲಮಾನ, ಫೈಲಲ್ಲಿರೋದು ಯುಟಿಸಿ, ಐದೂವರೆ ಗಂಟೆ ಕಳೀಬೇಕು. ಅದಾದ್ಮೇಲೂ ಸರಿಯಾಗಿ 18 ಸೆಕೆಂಡ್ ವ್ಯತ್ಯಾಸ ಉಳಿದ್ರೆ ನಿಮ್ಮ ಯಂತ್ರ ಯುಟಿಸಿ ಬದಲು ಜಿಪಿಎಸ್ ಸಮಯ ಬರೀತಾ ಅದೆ ಅಂತ ತಿಳ್ಕಳಿ.

ಬೆಳಕಿನೆಳೆ

ನಾಲೆಏರಿ ಸರ್, 310, 1,951, 3,702 ಬಂದದ್ದಕ್ಕೆ ಈಗಲೇ ಖುಷಿಪಡಬೇಡಿ. 84 ಮತ್ತು 1.2% ಎರಡನ್ನೂ ನಾವು ತೆಗೆದದ್ದೇ ಆ ಮೂರು ಏಟಿನಿಂದ, ಅವು ಹೊಂದದೆ ಇನ್ನೇನು ಮಾಡಿಯಾವು. ಟೇಬಲ್ಲಿಗೆ ಸೇರಿಸದ ಜಾಗದಲ್ಲಿ ಹೊಡೆದು ನೋಡಬೇಕು. ಐದನೇ ಮತ್ತು ಆರನೇ ಚೇಂಬರಿನ ನಡುವೆ, 2,950 ಮೀಟರಿನಲ್ಲಿ ಒಂದು ಹೊಡೆಯಿರಿ. 84 ಕೂಡಿಸು ಐದು ಸುರುಳಿಯ 120, ಕೂಡಿಸು 2,950 × 1.012, ಅಂದರೆ ಸುಮಾರು 3,189 ಮೀ., ಚಾನೆಲ್ 1595. ಅದರಿಂದ ಮೂರು ಚಾನೆಲ್ ಒಳಗೆ ಬಂದರೆ ಸರಿ. ಹನ್ನೆರಡು ಚಾನೆಲ್ ಆಚೆಗೋ ಈಚೆಗೋ ಬಂದರೆ ಒಂದು ಚೇಂಬರಿನಲ್ಲಿ ಸುರುಳಿ ಇಲ್ಲ, ಅಥವಾ ಎರಡರಷ್ಟಿದೆ. ಮುಚ್ಚಳ ತೆಗೆದೇ ನೋಡಬೇಕಾಗುತ್ತದೆ.